ಕಾರಿನ ಮೂತಿಗೆ ಒಡೆದ ಕಾಯಿ

ಬೀಜಾಡಿ
೧೮ ಏಪ್ರಿಲ್ ೨೦೦೪

ಪ್ರೀತಿಯ ಮಗ ರತನನಿಗೆ,

ಅಪ್ಪ ಕಾಗದ ಬರೆದದ್ದು ನೋಡಿ ಹೆದರಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ? ಮುಂಬೈಯ ಸೆಕೆಗೆ ನಿನ್ನ ಬೆನ್ನಿನ ಬೆವರುಸಾಲೆ ಮತ್ತೆ ಎದ್ದಿತೋ ಏನೋ ಎಂದು ಅಮ್ಮನಿಗೆ ಒಂದೇ ಚಿಂತೆ. ವನಜತ್ತೆ ಹೊಟ್ಟೆಗೆ ಸರಿಯಾಗಿ ಹಾಕುತ್ತಾಳಷ್ಟೆ? ಹಾಕುತ್ತಾಳೆ, ನನ್ನ ತಂಗಿಯಲ್ಲವೇ. ಹಾಕಿದ್ದನ್ನು ಹತ್ತು ಸಲ ಹೇಳುತ್ತಾಳೆ, ಅಷ್ಟೆ. ನಾನು ಫೋನ್ ಮಾಡಿದಾಗಲೆಲ್ಲ ಅವಳು ‘ಅಂವ ಮೀವುಕ್ ಹೋಯಿದ ಅಣ್ಣ’ ಎನ್ನುತ್ತಾಳೆ. ಊರಿನಲ್ಲಿದ್ದಾಗ ಅಮ್ಮ ಬೈದರೂ ಸ್ನಾನಕ್ಕೆ ಏಳದವನು ಅಲ್ಲಿ ಹೊತ್ತುಹೊತ್ತಿಗೂ ಸ್ನಾನ ಮಾಡುತ್ತಿದ್ದೀಯ ಎಂದರೆ ನಂಬುವಷ್ಟು ದಡ್ಡ ನಾನಲ್ಲ. ನನ್ನ ಜೊತೆ ಮಾತಾಡಲು ನಿನಗೆ ಮನಸ್ಸಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಅದಕ್ಕೇ ಈ ಕಾಗದ.

ನನಗೆ ನಾಚಿಕೆಯಾಗಿದೆ ಮಗಾ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು, ಮೊದಲೇ ಬರೆದುಬಿಟ್ಟೆ. ಬಸ್ರೂರಿನ ಪಾಂಡುವಿನ ಮಗನ ದಿಬ್ಬಣಕ್ಕೆ ನೀನು ಕೈಯಾರೆ ಮಾಡಿದ ಕಾರು ಮೊದಲ ಸಲ ಹೊರಟ ಬೆಳಿಗ್ಗೆ ನಾನು ಏನು ಮಾಡಿದೆ ಎಂಬುದು ಈಗ ಕೋಟೇಶ್ವರದ ಮೀನು ಮಾರ್ಕೆಟಿನಲ್ಲೂ ಗೊತ್ತು. ಹೂವು ಕಟ್ಟಿದ ಕೆಂಪು ಕಾರು, ಹಿಂದೆ ಪೇಟ ಸರಿಮಾಡಿಕೊಳ್ಳುತ್ತಾ ಕೂತ ಮದುಮಗ, ಕೂಲಿಂಗ್ ಗ್ಲಾಸ್ ಹಾಕಿ ಸ್ಟೇರಿಂಗ್ ಹಿಡಿದ ನೀನು. ನೋಡಿ ನನ್ನ ಕಣ್ಣು ತುಂಬಿತ್ತು. ಯಾರೋ ತೆಂಗಿನಕಾಯಿಯನ್ನು ನನ್ನ ಕೈಗೆ ಕೊಟ್ಟು ‘ಕಾಯ್ ನೀವೇ ಒಡಿಕ್ ಗೋವರ್ಧನಣ್ಣ’ ಎಂದರು. ಕಾರಿಗೆ ಕಾಯಿ ಒಡೆಯುವುದು ಎದುರಿಗಿಟ್ಟ ಕಲ್ಲಿನ ಮೇಲೆ. ಕಲ್ಲನ್ನೂ ತೊಳೆದು ಇಟ್ಟಿದ್ದರು. ಆದರೆ ನಾನು ಕಟ್ಟಿದ ಒಂದೊಂದು ಫೈಬರ್ ದೋಣಿಯೂ ನೀರಿಗಿಳಿಯುವಾಗ ಅದರ ಮೂತಿಗೇ ಕಾಯಿ ಒಡೆದವನು ನಾನು. ಕಾಯಿ ಎರಡು ಹೋಳಾಗಿ ದೋಣಿ ಮಿಸುಕದಿದ್ದರೆ ಮಾಲೀಕನಿಗೆ ಧೈರ್ಯ, ನನಗೆ ಹೆಮ್ಮೆ. ಅದೇ ಅಭ್ಯಾಸ. ಕೈ ತನ್ನ ಪಾಡಿಗೆ ಮೇಲೆ ಹೋಯಿತು, ತನ್ನ ಪಾಡಿಗೆ ಕೆಳಗೆ ಬಂತು. ಕಾಯಿ ಒಡೆಯಲಿಲ್ಲ. ಬಾನೆಟ್ಟನ್ನು ತೂತು ಮಾಡಿಕೊಂಡು ಒಳಗೆ ಹೋಗಿ ಎಂಜಿನ್ನಿನ ಪಕ್ಕ ಕೂತಿತು. ವಾದ್ಯದವರೂ ಊದುವುದನ್ನು ನಿಲ್ಲಿಸಿದರು. ಪಾಂಡು ‘ಹ್ವಾಯ್, ಇದ್ ಕಾರಾ, ಹಪ್ಳವಾ?’ ಎಂದದ್ದಕ್ಕೆ ಇಡೀ ದಿಬ್ಬಣ ನಕ್ಕಿತು. ಮದುಮಗ ಇಳಿದು ಬೇರೆ ಕಾರು ಹತ್ತಿದ. ನೀನು ಗ್ಲಾಸ್ ತೆಗೆಯಲೂ ಇಲ್ಲ, ನನ್ನ ಮುಖ ನೋಡಲೂ ಇಲ್ಲ. ಮಧ್ಯಾಹ್ನದ ಬಸ್ಸಿಗೇ ಮುಂಬೈಗೆ ಹೋಗಿಬಿಟ್ಟೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ತೆಂಗಿನಕಾಯಿಗೆ ಹೋಯಿತು. ಹೋಗುವಾಗ ನಿನ್ನದನ್ನೂ ಜೊತೆಗೆ ಕರೆದುಕೊಂಡು ಹೋಯಿತಲ್ಲ, ಅದೇ ಸಂಕಟ.

ಇನ್ನೊಂದು ಇದೆ, ಅದು ಇದಕ್ಕಿಂತ ದೊಡ್ಡದು. ಕೈ ತಪ್ಪಿದ್ದು ಅಭ್ಯಾಸದಿಂದ, ಅದನ್ನು ದೇವರೂ ಕ್ಷಮಿಸಿಯಾನು. ಆದರೆ ಬಾನೆಟ್ಟು ತಡೆಯುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ನೀನು ಹಳೆಯ ಜೀಪಿನ ಚಾಸಿಸ್ ತಂದು, ನನ್ನ ಶೆಡ್ಡಿನಲ್ಲೇ, ನನ್ನದೇ ರೆಸಿನ್ ಅಂಟು, ನನ್ನದೇ ಗಾಜಿನ ನಾರಿನ ಮ್ಯಾಟು ಬಳಸಿ ಕಾರಿನ ಮೈ ಮಾಡುತ್ತಿದ್ದಾಗ ಎರಡೇ ಪದರ ಹಾಕುವುದನ್ನು ಕಂಡಿದ್ದೆ. ‘ಇನ್ನೆರಡ್ ಪದರ ಹಾಕ್, ಒಳ್ಗೆ ಪಟ್ಟಿ ಕೊಡ್’ ಎಂದದ್ದಕ್ಕೆ ನೀನು ‘ಕಾರ್ ಓಡ್ಕ್ ಅಪ್ಪ, ತೇಲ್ಕಾ?’ ಎಂದೆ. ನಿನ್ನ ಗೆಳೆಯರು ನಕ್ಕರು. ಶೆಡ್ಡಿಗೆ ಬಂದವರು ಏನು ಕೇಳಿದರೂ ನನ್ನ ಬಾಯಲ್ಲಿ ‘ಗೊತ್ತಿಲ್ಲೆ’ ಎಂಬ ಮಾತು ಬರುವುದಿಲ್ಲವೆಂದು ಅವರಿಗೆ ನೀನು ನನ್ನನ್ನು ಅಣಕಿಸಿಯೂ ತೋರಿಸಿದೆ. ಅಣಕ ಚೆನ್ನಾಗಿತ್ತು, ಈಗ ನೆನೆದರೆ ನನಗೂ ನಗು ಬರುತ್ತದೆ. ಆಗ ಬರಲಿಲ್ಲ. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ನೀನು ಓಡಿಸಿ ನೋಡುವಾಗ ಕಾರು ಹೆದ್ದಾರಿಯಲ್ಲಿ ಸ್ವಲ್ಪ ಜೋರಾಗಿ ಹೋದರೆ ಬಾಗಿಲುಗಳು ಪಟಪಟ ಬಡಿದುಕೊಳ್ಳುವುದು ಕೇಳಿಸುತ್ತಿತ್ತು, ಸುಮ್ಮನಿದ್ದೆ. ಮದುವೆಯ ಬೆಳಿಗ್ಗೆ ಬೆರಳಿನ ಗಂಟಿನಿಂದ ಬಾನೆಟ್ಟನ್ನು ತಟ್ಟಿಯೂ ನೋಡಿದ್ದೆ. ಗಟ್ಟಿ ಫೈಬರ್ ಟಣ್ ಎನ್ನಬೇಕು, ನಿನ್ನದು ಒಣಗಿದ ತೆಂಗಿನ ಮಡಲಿನ ಹಾಗೆ ಸದ್ದು ಮಾಡಿತು. ಆಗಲಾದರೂ ಹೇಳಬಹುದಿತ್ತು. ಕೇಳಲಿ, ಅವನಾಗಿಯೇ ಬಂದು ಕೇಳಲಿ ಎಂದು ಕೈಕಟ್ಟಿ ನಿಂತೆ. ದೋಣಿಯಲ್ಲಿ ತೂತು ಕಂಡೂ ಬಾಯಿ ಬಿಡದವನನ್ನು ನಮ್ಮ ಕಡಲಿನವರು ಜೊತೆಗೆ ಕೂರಿಸಿಕೊಳ್ಳುವುದಿಲ್ಲ, ಅದು ನಿನಗೂ ಗೊತ್ತು. ನಾನು ಇದನ್ನು ಹೇಳಿದಾಗ ನಿನ್ನಮ್ಮ ಕೇಳಿದ್ದು ಒಂದೇ ಮಾತು: ‘ನಿಮ್ಗೆ ಹಟ ದೊಡ್ಡದಾ, ಮಗ ದೊಡ್ಡವ್ನಾ?’ ನಾನು ಎದ್ದು ಅಂಗಳಕ್ಕೆ ಹೋಗಿ ಕೂತೆ.

ಕಾರನ್ನು ಗುಜರಿಗೆ ಕೊಟ್ಟುಬಿಡಿ ಎಂದು ಅಮ್ಮನ ಹತ್ತಿರ ಹೇಳಿದೆಯಂತೆ. ಹಾಲಾಡಿಯಿಂದ ಗುಜರಿಯವನು ಬಂದೂ ಇದ್ದ. ಅವನಿಗೆ ಚಾ ಕುಡಿಸಿ ಬರಿಗೈಯಲ್ಲಿ ಕಳಿಸಿದೆ. ಅವನು ಹೋದ ಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದೆ. ಮಗಾ, ಆ ಹೊರಮೈಯ ನುಣುಪು ನನ್ನ ಯಾವ ದೋಣಿಗೂ ಇಲ್ಲ. ಆ ಮಡ್‌ಗಾರ್ಡಿನ ತಿರುವು ನಿನ್ನ ಕೈಗೆ ಎಲ್ಲಿಂದ ಬಂತು? ಇದನ್ನು ನಿನ್ನ ಗೆಳೆಯರ ಎದುರೇ ಹೇಳಬೇಕಿತ್ತು, ಕೆಟ್ಟ ಮೇಲೆ ಬುದ್ಧಿ ಬಂತು. ಮರುದಿನವೇ ಕೆಲಸಕ್ಕೆ ಇಳಿದೆ. ಒಳಮೈಯನ್ನು ಒರಟು ಮರಳುಕಾಗದದಿಂದ ಉಜ್ಜಿ ಧೂಳು ಒರೆಸಿದೆ. ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಪಕ್ಕೆಲುಬಿನ ಹಾಗೆ ಅಂಟಿಸಿ, ಅದರ ಮೇಲೆ ಮ್ಯಾಟು ಹಾಸಿ ರೆಸಿನ್ನು ಕುಡಿಸಿದೆ. ಬಾಗಿಲು, ಮಡ್‌ಗಾರ್ಡುಗಳಿಗೆ ಬಿಚ್ಚದೆ, ಕಾರಿನಲ್ಲಿ ಇದ್ದ ಹಾಗೆಯೇ ಪಟ್ಟಿ ಕೊಟ್ಟೆ. ಬಾನೆಟ್ಟನ್ನು ಮಾತ್ರ ಬಿಚ್ಚಿ, ನನಗೆ ಗೊತ್ತಿದ್ದ ದೋಣಿಯ ಕ್ರಮದಲ್ಲಿ ದೋಣಿ ಕೂರಿಸುವ ಎರಡು ಮರದ ಕುದುರೆಗಳ ಮೇಲೆ ಬೋರಲು ಹಾಕಿ, ತೂತು ಮುಚ್ಚಿ, ಅಡ್ಡಕ್ಕೂ ಉದ್ದಕ್ಕೂ ಪಟ್ಟಿ ಹಾಕಿದೆ. ಒಣಗಿದ ಮೇಲೆ ಅದರ ಮೇಲೆ ನಾನೇ ಹತ್ತಿ ನಿಂತೆ. ಮಿಸುಕಲಿಲ್ಲ! ಅಮ್ಮನನ್ನೂ ಹತ್ತು ಎಂದು ಕರೆದೆ. ‘ನಂಗೆಂತ ಮರ್ಲಾ?’ ಎಂದು ಒಳಗೆ ಹೋದಳು. ಈಗ ಬಾಗಿಲು ತಟ್ಟಿದರೆ ಟಣ್ ಎನ್ನುತ್ತದೆ. ಬಣ್ಣ ನಾನು ಮುಟ್ಟಿಲ್ಲ, ಅದು ನಿನ್ನ ಕೆಲಸ.

ಬ್ರಹ್ಮಾವರದ ರಾಜೀವಿಯಕ್ಕ ಮಗಳ ಮದುವೆಗೆ ನಿನ್ನ ಕಾರನ್ನೇ ಹೇಳಿಟ್ಟಿದ್ದಳಲ್ಲ, ಮೊನ್ನೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ‘ಕಾರ್ ಬತ್ತಾ ಇಲ್ಯಾ?’ ಎಂದು ಕೇಳಿದಳು. ನಡೆದದ್ದೆಲ್ಲ ಅವಳಿಗೂ ಗೊತ್ತು, ಆದರೂ ನಗಲಿಲ್ಲ. ಅವಳು ನಗದೆ ಇದ್ದದ್ದಕ್ಕೇ ನಾನು ‘ಬತ್ತ್. ನನ್ನ್ ಮಗನೇ ತತ್ತ’ ಎಂದುಬಿಟ್ಟೆ. ಮದುವೆ ಮುಂದಿನ ತಿಂಗಳ ಮೊದಲಿಗೇ ಇದೆ. ನಿನ್ನನ್ನು ಕೇಳದೆ ಮಾತು ಕೊಟ್ಟದ್ದೂ ತಪ್ಪೇ, ಅದನ್ನೂ ನನ್ನ ಲೆಕ್ಕಕ್ಕೇ ಸೇರಿಸಿಕೋ. ಅಲ್ಲಿ ಕಾಯಿ ಒಡೆಯಲು ನನ್ನನ್ನು ಕರೆಯಬಾರದೆಂದು ಈಗಲೇ ಹೇಳಿಯಾಗಿದೆ.

ವನಜಳಿಗೆ ಒಣ ಸೀಗಡಿಯ ಕಟ್ಟನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತೇವೆ, ಇಳಿಸಿಕೊಳ್ಳಲು ಹೇಳು. ಬೆನ್ನಿಗೆ ಗಂಧ ತೇಯ್ದು ಹಚ್ಚಿಕೋ ಎಂದು ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ. ಹಟ ನನ್ನಿಂದಲೇ ನಿನಗೆ ಬಂದದ್ದು, ಹಾಗಾಗಿ ಪೂರಾ ಬಿಡು ಎನ್ನುವ ಮುಖ ನನಗಿಲ್ಲ. ಅರ್ಧ ಬಿಟ್ಟರೂ ಸಾಕು. ನಿನ್ನ ಕೈಗೆ ಒಳ್ಳೆಯ ಕೆಲಸ ಸಿಗಲಿ, ಆ ಕೈ ನನ್ನ ಕೈಯ ಹಾಗೆ ತಪ್ಪದಿರಲಿ ಎಂದು ನಮ್ಮಿಬ್ಬರ ಆಶೀರ್ವಾದ.

ನಿನ್ನ ಅಪ್ಪ,
ಗೋವರ್ಧನ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಕಾಗದ ಮಡಚಿ ಆಗಿತ್ತು, ಅಮ್ಮ ‘ಅದನ್ನ್ ಬರ್ದ್ರ್ಯಾ?’ ಎಂದಳು. ಬಾನೆಟ್ಟು ಗಟ್ಟಿಯಾದದ್ದು ನಿಜ, ಆದರೆ ಮುಚ್ಚುವುದಿಲ್ಲ. ಕುದುರೆಗಳ ಮೇಲೆ ಹೇಗೆ ಸೊಟ್ಟಗೆ ಕೂತಿತ್ತೋ ಹಾಗೆಯೇ ಗಟ್ಟಿಯಾಗಿ ಹೋಗಿದೆ. ಎಡಗಡೆ ಒತ್ತಿದರೆ ಬಲಗಡೆ ಏಳುತ್ತದೆ. ಸದ್ಯಕ್ಕೆ ದೋಣಿಯ ಹಗ್ಗದಿಂದ ಬಿಗಿದು ಕಟ್ಟಿಟ್ಟಿದ್ದೇನೆ, ನೋಡಿದವರಿಗೆ ಬೇರೇನೋ ಹೇಳುತ್ತಿದ್ದೇನೆ. ದೋಣಿಗೆ ಮುಚ್ಚಳ ಇರುವುದಿಲ್ಲ ಮಗಾ, ಮುಚ್ಚಬೇಕಾದ ವಸ್ತುವನ್ನು ನಾನು ಈ ಜನ್ಮದಲ್ಲಿ ಮಾಡಿದವನಲ್ಲ. ಬಂದು ಹೇಳಿಕೊಡು. ಎಲ್ಲಿ ಕೊಯ್ಯಬೇಕು, ಎಲ್ಲಿ ಸೇರಿಸಬೇಕು, ನಂಗ್ ಗೊತ್ತಿಲ್ಲೆ.