ಬೇಯದ ಅಗುಳು

ಪ್ರೀತಿಯ ಅಪ್ಪನಿಗೆ,

ನಿನ್ನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸುತ್ತಿದ್ದಾರೆ. ಬರುವ ಭಾನುವಾರ ನೀನು ಅಯ್ಯನವರಾಗಿದ್ದ ಭದ್ರಾವತಿಯ ನಮ್ಮ ಕ್ರೈಸ್ತ ದೇವಾಲಯದಲ್ಲಿ ಅದರ ಮೇಲಿನ ಬಟ್ಟೆಯನ್ನು ನಾನೇ ಸರಿಸಬೇಕಂತೆ. ಸಾಲೊಮನ್ ಮೇಸ್ತ್ರಿ ಖುದ್ದಾಗಿ ರೈಲು ಹತ್ತಿ ಶಿವಮೊಗ್ಗಕ್ಕೆ ಬಂದು, ದುರ್ಗಿಗುಡಿಯಲ್ಲಿ ನಮ್ಮ ಬಾಡಿಗೆ ಮನೆ ಹುಡುಕಿ ಹೇಳಿ ಹೋದರು. ಸಭೆಯ ಹಿರಿಯರಿಗೆಲ್ಲ ಹಿರಿಯರು, ಕಬ್ಬಿಣದ ಕಾರ್ಖಾನೆಯಲ್ಲಿ ಆಳುಗಳನ್ನು ಗದರಿಸಿಯೇ ಗಂಟಲು ಕೆಡಿಸಿಕೊಂಡವರು, ನಮ್ಮ ಹೊಸ್ತಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ಮೆತ್ತಗೆ ನಿಂತಿದ್ದರು. "ನಿಮ್ಮಪ್ಪನ ಮಾತನ್ನೇ ಕೆತ್ತಿಸಿದ್ದೀವಿ ರೂತಮ್ಮ. 'ನನ್ನ ತಟ್ಟೆಯಲ್ಲಿ ನೀವೆಲ್ಲರೂ ಇದ್ದೀರಿ' ಅಂತ. ಮಗಳೇ ಬಂದು ಬಟ್ಟೆ ಸರಿಸಿದ್ರೆ ಚೆಂದ" ಎಂದರು. ಅಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ. ನಾನು ನೋಡೋಣ ಎಂದೆ. ಅವರು ಹೋದ ಮೇಲೆ, ಮಾತು ನಿನ್ನದು ತಾನೇ, ನಿನ್ನನ್ನೇ ಕೇಳಿಬಿಡೋಣ ಅನ್ನಿಸಿತು. ಅದಕ್ಕೆ ಬರೆಯುತ್ತಿದ್ದೇನೆ.

ಆ ಮಾತನ್ನು ನೀನು ಮೊದಲ ಸಲ ಹೇಳಿದ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ನಾನಿನ್ನೂ ಲಂಗ ಉಡುತ್ತಿದ್ದೆ. ದೇವಾಲಯದ ಬಾಗಿಲ ಪಕ್ಕ ಹಿಡಿ ಅಕ್ಕಿಯ ಮಡಕೆ ಇರುತ್ತಿತ್ತಲ್ಲ, ಹೆಂಗಸರು ಒಬ್ಬೊಬ್ಬರಾಗಿ ಬಂದು ಅದಕ್ಕೆ ಅಕ್ಕಿ ಸುರಿಯುತ್ತಿದ್ದರು. ದಿನಾ ಒಲೆಯ ಮೇಲೆ ಎಸರಿಡುವಾಗ ಮನೆಯವರಿಗೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಇಡುವುದು, ಭಾನುವಾರ ತಂದು ಈ ಮಡಕೆಗೆ ಹಾಕುವುದು, ಅದನ್ನು ಅಯ್ಯನವರ ಮನೆಯಲ್ಲಿ ಬೇಯಿಸಿ ಉಣ್ಣುವುದು. ಮಲೆನಾಡ ಕಡೆಯವರದು ಕುಚ್ಚಲಕ್ಕಿ, ತಮಿಳರದು ಬಿಳಿ ಅಕ್ಕಿ, ಜಾಡಮಾಲಿಗಳ ಸಾಲುಮನೆಯ ಲೈನಿನಿಂದ ಬರುತ್ತಿದ್ದದ್ದು ಬರೀ ನುಚ್ಚು. ಎಲ್ಲವೂ ಒಂದೇ ಮಡಕೆಯಲ್ಲಿ. ಅಮ್ಮ ಅದನ್ನು ಹೇಗೆ ಬೇಯಿಸಿದರೂ ನುಚ್ಚು ಗಂಜಿಯಾಗುತ್ತಿತ್ತು, ಕುಚ್ಚಲಕ್ಕಿ ಹಲ್ಲಿಗೆ ಗಟ್ಟಿಯಾಗಿ ಸಿಗುತ್ತಿತ್ತು. ಆ ದಿನ ನೀನು ಪ್ರಸಂಗ ಮಾಡುತ್ತಾ, "ನನ್ನ ತಟ್ಟೆಯಲ್ಲಿ ನೀವೆಲ್ಲರೂ ಇದ್ದೀರಿ. ಕೆಲವರು ಬೆಂದಿದ್ದೀರಿ, ಕೆಲವರು ಇನ್ನೂ ಬೇಯಬೇಕು" ಎಂದಾಗ ಇಡೀ ಸಭೆ ನಕ್ಕಿತು. ಲೈನಿನವರು ಎಲ್ಲರಿಗಿಂತ ಜೋರಾಗಿ ನಕ್ಕರು. ಅವರು ಗುಡಿಸಿ ಬಂದ ಬೀದಿಯಲ್ಲಿ ಅವರ ನೆರಳು ತಾಕಿದರೆ ಸರಿದು ನಡೆಯುವ ಊರು ಅದು. ಅಂಥ ಊರಲ್ಲಿ ಅವರ ನುಚ್ಚು ಅಯ್ಯನವರ ಬಾಯಿಗೆ ಹೋಗುತ್ತದೆ ಎಂದರೆ ಅವರು ನಗದೆ ಇನ್ನೇನು ಮಾಡಬೇಕು? ನನಗೂ ಆವತ್ತು ನಿನ್ನ ಮಗಳಾಗಿ ಹುಟ್ಟಿದ್ದಕ್ಕೆ ಎಷ್ಟು ಜಂಬ ಬಂತೆಂದರೆ...

ನಿನ್ನನ್ನು ಮಣ್ಣು ಮಾಡಿದ ದಿನ ಕಡೆಯ ಪ್ರಾರ್ಥನೆ ಹೇಳಿದ್ದು ಯೇಸುದಾಸ. ನಿನಗೆ ಅವನ ವಿಷಯ ನಾನು ಹೇಳಬೇಕೇ? ಲೈನಿನಲ್ಲಿ ಹುಟ್ಟಿದವನು, ನೀನೇ ಓದು ಕಲಿಸಿ ಉಪದೇಶಿಯಾಗಿ ಮಾಡಿಕೊಂಡವನು, ನಿನಗೆ ಹುಷಾರಿಲ್ಲದ ವಾರಗಳಲ್ಲೆಲ್ಲ ಆರಾಧನೆ ನಡೆಸಿದವನು. ನೀನು ಹೋದ ಮೇಲೂ ಸಭೆಯನ್ನು ಅವನೇ ನೋಡಿಕೊಂಡ. ಯುದ್ಧ ನಡೆಯುತ್ತಿತ್ತು, ಅಕ್ಕಿ ರೇಷನ್ನಿಗೆ ಬಂದಿತ್ತು, ಆದರೂ ಹಿಡಿ ಅಕ್ಕಿ ನಿಲ್ಲಲಿಲ್ಲ. ಹೊಸ ಅಯ್ಯನವರು ಬೇಕೆಂದು ಹಿರಿಯರು ಸಭೆಗಳ ಮೇಲ್ವಿಚಾರಣೆ ನೋಡುವ ಶಿವಮೊಗ್ಗದ ದೊಡ್ಡಯ್ಯನವರನ್ನು ಕೇಳಿದಾಗ ಅವರು ಹೇಳಿದ್ದು ಸ್ಪಷ್ಟವಾಗಿತ್ತು: "ನಿಮ್ಮ ಉಪದೇಶಿಯೇ ಇದ್ದಾನಲ್ಲ. ಸಭೆ ಒಮ್ಮತದಿಂದ ಕೇಳಿದರೆ ಅವನಿಗೇ ದೀಕ್ಷೆ ಕೊಡುತ್ತೇವೆ." ನಿನ್ನ ಆಸೆಯೂ ಅದೇ ಆಗಿತ್ತು. ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು, "ಯೇಸುದಾಸನ್ನ ಬಿಡಬೇಡಿ ಅಂತ ಅವರಿಗೆ ಹೇಳು" ಎಂದಿದ್ದೆಯಲ್ಲ? ಒಮ್ಮತ ಎನ್ನುವುದು ಎಷ್ಟು ಚಿಕ್ಕ ಮಾತು. ನಾನು ನಂಬಿದ್ದೆ.

ಹಿರಿಯರು ಒಮ್ಮತಕ್ಕೆ ಕಾಯಲಿಲ್ಲ. ಮೈಸೂರು ಕಡೆಯ ಒಬ್ಬ ಓದಿದ ಅಯ್ಯನವರನ್ನು ಒಂದು ಭಾನುವಾರ ಪ್ರಸಂಗಕ್ಕೆ ಕರೆಸಿದರು. ನಾವಿನ್ನೂ ಅಯ್ಯನವರ ಮನೆಯಲ್ಲೇ ಇದ್ದೆವು, ಅವರ ಊಟ ನಮ್ಮಲ್ಲೇ. ಪಾಠ ಮಾಡುವ ಶಾಲೆಗೆ ರಜೆ ಹಾಕಿ ನಾನು ಶಿವಮೊಗ್ಗದಿಂದ ಬಂದಿದ್ದೆ. ಮಡಕೆಯ ಅಕ್ಕಿಯನ್ನೇ ಬೇಯಿಸೋಣ ಎಂದೆ. ಅಮ್ಮ ಮೊರ ಹಿಡಿದು ಹಾಗೇ ನಿಂತುಬಿಟ್ಟಳು. "ನೆಂಟರಿಗೆ ಈ ಅಕ್ಕಿನಾ? ಸುಮ್ನಿರೇ" ಎಂದಳು. ಅಪ್ಪನಿಗೆ ಆದದ್ದು ಇವರಿಗೆ ಆಗಬಾರದೇ ಎಂದು ನಾನು ಜಗಳ ಮಾಡಿ ಅದನ್ನೇ ಇಟ್ಟೆ. ಬಂದವರು ಎರಡು ತುತ್ತು ಉಂಡರು. ಗಟ್ಟಿ ಅಗುಳನ್ನು ನಾಲಿಗೆಯಿಂದ ಹೊರಗೆ ತಂದು, ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. "ಎಲ್ಲಿಯ ಅಕ್ಕಿ ಇದು, ಅಮ್ಮಾ?" ಎಂದು ಕೇಳಿದರು. ಅಮ್ಮನ ಬದಲು ನಾನೇ ಹೇಳಿದೆ. ಯಾವ ಯಾವ ಮನೆಯದು ಎಂದು ಒಂದೊಂದಾಗಿ ಹೇಳಿದೆ. ಅವರು ಮಜ್ಜಿಗೆಗೆ ಕಾಯದೆ ಎದ್ದು ಕೈ ತೊಳೆದರು. ಜಗುಲಿಯಲ್ಲಿ ಮೇಸ್ತ್ರಿಗಳ ಹತ್ತಿರ ಹೇಳಿದ್ದು ನನಗೆ ಒಳಗೇ ಕೇಳಿಸಿತು. "ನಾನು ಬರ್ತೀನಿ. ಆದ್ರೆ ಈ ಅಕ್ಕಿ ಪದ್ಧತಿ ಬೇಡ. ಸಂಬಳ ಅಂತ ಮಾಡಿಬಿಡಿ." ಮೇಸ್ತ್ರಿಗಳು, "ನಮ್ಗೂ ಅದೇ ಬೇಕಿತ್ತು ಅಯ್ಯನೋರೇ" ಎಂದರು. ಎಷ್ಟು ಸಂತೋಷದಿಂದ ಎಂದರು!

ಸಭೆ ಸೇರಿದ ದಿನ ಎಲ್ಲರೂ ಬಂದಿದ್ದರು. ಗಂಡಸರು ಬೆಂಚಿನ ಮೇಲೆ, ನಾವು ಚಾಪೆಯ ಮೇಲೆ. ಸಾಲೊಮನ್ ಮೇಸ್ತ್ರಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು. ಯೇಸುದಾಸ ಒಳ್ಳೆಯವನೇ, ಭಕ್ತಿವಂತನೇ, ಯಾರು ಇಲ್ಲ ಅಂದರು? "ಆದ್ರೆ ನೋಡಿ, ಅಯ್ಯನೋರು ಅಂದ್ಮೇಲೆ ಸಾಹೇಬ್ರುಗಳ ಹತ್ರ ಇಂಗ್ಲಿಷಲ್ಲಿ ಮಾತಾಡ್ಬೇಕು. ಮದುವೆ ಮಾಡಿಸ್ಬೇಕು. ನಮ್ಮ ನಿಮ್ಮ ಮನೆಗಳಿಗೆ ಬರ್ಬೇಕು, ಒಳಗೆ ಕೂತು ಉಣ್ಬೇಕು..." ಉಣ್ಣಬೇಕು ಎನ್ನುವಲ್ಲಿ ಅವರ ಮಾತು ನಿಂತಿತು. ಯಾರೂ ಅದನ್ನು ಮುಂದಕ್ಕೆ ಎಳೆಯಲಿಲ್ಲ. ಯೇಸುದಾಸ ತಲೆ ತಗ್ಗಿಸಿ ತನ್ನ ಕಾಲ ಬೆರಳು ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಹೆಂಗಸರು ಸಭೆಯಲ್ಲಿ ಬಾಯಿ ಬಿಡುವ ರೂಢಿ ಇಲ್ಲ, ಗೊತ್ತು. ಎದ್ದು ನಿಂತೆ. "ಮೇಸ್ತ್ರಿಗಳೇ, ನಮ್ಮಪ್ಪ ಇಷ್ಟು ವರ್ಷ ಯಾರ ಅಕ್ಕಿ ಉಂಡ್ರು? ಒಂದೇ ಮಡಕೆದು ಒಂದೇ ತಟ್ಟೆಗೆ ಬಿತ್ತಲ್ಲ, ಆಗ ಮೈಲಿಗೆ ಇರ್ಲಿಲ್ವಾ?" ಎಂದು ಕೇಳಿದೆ. ಗೆದ್ದೆ ಅಂದುಕೊಂಡೆ. ನಿನ್ನ ಹೆಸರಿನ ಮುಂದೆ ಯಾರು ತಾನೇ ನಿಲ್ಲುತ್ತಾರೆ ಅಂದುಕೊಂಡೆ.

ನನ್ನ ಹಿಂದೆ ಯಾರೋ ನಕ್ಕರು. ಮೇಸ್ತ್ರಿಗಳ ಹೆಂಡತಿ ಮಾರ್ತಮ್ಮ. ಕೆಟ್ಟ ನಗೆಯಲ್ಲ, ದಡ್ಡ ಮಗುವಿನ ಮಾತಿಗೆ ನಗುವ ಹಾಗೆ. "ಕೂತ್ಕೋ ಮಾರಾಯ್ತಿ. ಯಾವ ಮಡಕೆ ಕಥೆ ಹೇಳ್ತೀಯ? ನಿಮ್ಮಪ್ಪ ಉಂಡಿದ್ದು ನಮ್ಮನೆ ಹಳೇ ಸಣ್ಣಕ್ಕಿ. ಹಿತ್ತಿಲ ಬಾಗ್ಲಲ್ಲಿ ನಿಮ್ಮಮ್ಮನ ಕೈಗೆ ಗಂಟು ಕಟ್ಟಿ ನಾನೇ ಕೊಡ್ತಿದ್ದೆ. ಕೇಳು, ಪಕ್ಕದಲ್ಲೇ ಕೂತಿದ್ದಾಳಲ್ಲ." ನಾನು ಅಮ್ಮನ ಕಡೆ ತಿರುಗಿದೆ. ಅವಳು ಸೆರಗಿನ ತುದಿಯನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು. ಇಲ್ಲ ಅನ್ನಲಿಲ್ಲ. ನಾನು ಕೂತೆ, ಅಪ್ಪಾ. ಕೂರದೆ ಏನು ಮಾಡಲಿ? ಆಗ ಯೇಸುದಾಸನೇ ಎದ್ದು, "ಒಮ್ಮತ ಇಲ್ಲ ಅಂದ್ಮೇಲೆ ನನ್ನ ಹೆಸ್ರು ಬಿಟ್ಬಿಡಿ" ಎಂದು ಹೇಳಿ ಹೊರಗೆ ಹೋದ. ಮೇಸ್ತ್ರಿಗಳು ದೇವರಿಗೆ ಸ್ತೋತ್ರ ಹೇಳಿ, ಮೈಸೂರು ಕಡೆಯವರ ಹೆಸರಿಗೆ ಕೈ ಎತ್ತಿಸಿದರು.

ಆ ಸಂಜೆ ಅಮ್ಮನನ್ನು ಕೂರಿಸಿಕೊಂಡು ಕೇಳಿದೆ. ನಿನಗೆ ಹೊಟ್ಟೆನೋವು ಜೋರಾದ ವರ್ಷ ಡಾಕ್ಟರು ಮೆತ್ತನೆಯ ಹಳೆಯ ಅಕ್ಕಿ ಉಣ್ಣಲಿ ಎಂದಿದ್ದರಂತೆ. ಮಾರ್ತಮ್ಮ ತಂದುಕೊಟ್ಟಳಂತೆ. ಸರಿ, ರೋಗಿಯ ಪಥ್ಯ, ಯಾರು ಬೇಡ ಅಂತಾರೆ? "ಆಮೇಲೆ?" ಎಂದೆ. "ಹೊಟ್ಟೆ ವಾಸಿ ಆಯ್ತು. ಅವಳು ತರೋದು ನಿಲ್ಲಿಸ್ಲಿಲ್ಲ. ಮಡಕೆ ಅಕ್ಕಿನ ಯೇಸುದಾಸನ ಮನೆಗೆ ಕಳಿಸ್ತಾ ಬಂದೆ" ಎಂದಳು. ಅಪ್ಪನಿಗೆ ಗೊತ್ತಿತ್ತಾ ಎಂದು ಕೇಳಿದೆ. ಅಮ್ಮ ಹೇಳಿದ್ದು ಇಷ್ಟೇ: "ಅವರು ಒಂದು ದಿನಾನೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಈಗ ನಾನು ಕೇಳುತ್ತಿದ್ದೇನೆ. ಅಷ್ಟು ವರ್ಷ ಒಂದು ಗಟ್ಟಿ ಅಗುಳು ಹಲ್ಲಿಗೆ ಸಿಗದೆ ಹೋದದ್ದು ನಿನಗೆ ತಿಳಿಯಲಿಲ್ಲವೇ? ಮಲ್ಲಿಗೆಯ ಹಾಗೆ ಬಿಡಿ ಬಿಡಿಯಾದ ಅನ್ನ ಉಂಡು, ಬಾಯಿ ಒರೆಸಿಕೊಂಡು ಹೋಗಿ, ಅದೇ ಪೀಠದ ಮೇಲೆ ನಿಂತು ಅದೇ ಮಾತು ಹೇಳುತ್ತಿದ್ದೆಯಲ್ಲ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಬೇರೆಯವರನ್ನು ಆಡಿಕೊಂಡು ನಗುತ್ತಿದ್ದವನು ನೀನೇ ಅಲ್ಲವೇ? ರಜೆಗೆ ಬಂದಾಗ ನಾನೂ ಅದೇ ಅನ್ನ ಉಂಡೆ. ಕಾರ್ಖಾನೆಯ ಕೂಲಿ ಹೆಚ್ಚಿ ಜನ ಒಳ್ಳೆಯ ಅಕ್ಕಿ ಹಾಕುತ್ತಿದ್ದಾರೆ ಎಂದು ಅಮ್ಮ ಹೇಳಿದ್ದಳು. ನಾನು ಎರಡು ದಿನದ ನೆಂಟಳು, ನಂಬಿದೆ. ನೀನು ದಿನಾ ಉಣ್ಣುವವನು. ತಿಳಿಯಲಿಲ್ಲ ಎಂದರೆ ನಿನ್ನನ್ನು ಪೆದ್ದ ಅನ್ನಬೇಕು. ತಿಳಿದಿತ್ತು ಎಂದರೆ ಏನನ್ನಬೇಕೋ ಆ ಶಬ್ದವನ್ನು ಅಪ್ಪನಿಗೆ ಬಳಸಲು ನನಗೆ ಕೈ ಬರುತ್ತಿಲ್ಲ.

ಹೊಸ ಅಯ್ಯನವರು ಬರುವ ಮೊದಲು ನಾವು ಮನೆ ಖಾಲಿ ಮಾಡುವಾಗ ಯೇಸುದಾಸ ಸಾಮಾನು ಹೊರಿಸಲು ಬಂದ. ದೇವಾಲಯದ ಬಾಗಿಲಲ್ಲಿದ್ದ ಮಡಕೆಯನ್ನು ಆಗಲೇ ಗೋಡೆಯ ಹಿಂದೆ, ತೆಂಗಿನ ಸಿಪ್ಪೆಯ ಪಕ್ಕ ಇಟ್ಟಿದ್ದರು. ನಾನು ಅವನ ಮುಂದೆ ನಿಂತು, ನಮ್ಮ ಮನೆಯಿಂದ ನಿಮಗೆ ಮೋಸವಾಯಿತು, ಕ್ಷಮಿಸು ಎಂದೆ. ಅವನಿಗೆ ನನ್ನ ಮೇಲೇ ಕನಿಕರ ಬಂದ ಹಾಗಿತ್ತು. "ನಮ್ಗೆ ಮೊದ್ಲಿಂದ ಗೊತ್ತಿತ್ತು ಅಕ್ಕಾ. ಸುಂದರಿ ತನ್ನ ಕೈಯಾರೆ ಕೇರಿ ಹಾಕಿದ ನುಚ್ಚು, ತಿರುಗಿ ಅವಳ ಮೊರಕ್ಕೇ ಬಂದ್ರೆ ಗುರುತು ಸಿಗಲ್ವಾ?" ಎಂದ. ಸುಂದರಿ ಅವನ ಹೆಂಡತಿ. ಮತ್ತೆ ಯಾಕೆ ಸುಮ್ಮನಿದ್ದಿರಿ, ಯಾಕೆ ಮತ್ತೆ ಮತ್ತೆ ತಂದು ಹಾಕಿದಿರಿ ಎಂದು ಕೇಳಿದೆ. ಅವನು, "ಅಯ್ಯನೋರು ನಮ್ಮನೆಗೆ ಬಂದಾಗ ನೀರು ಇಸ್ಕೊಂಡು ಕುಡೀತಿದ್ರು. ಅಷ್ಟು ಸಾಕು ಅಂದ್ಕೊಂಡ್ವಿ" ಎಂದ. ಅಷ್ಟು ಸಾಕು! ನಿನಗೆ ಗೌರವ ಕೊಟ್ಟೇ ಹೇಳಿದ, ಅಪ್ಪಾ. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆಮೇಲೆ ಅವನು ಆ ಮಡಕೆಯನ್ನು ಎತ್ತಿ, ಒಳಗಿನ ಧೂಳು ಕೊಡವಿ, ಹೆಗಲ ಮೇಲಿಟ್ಟುಕೊಂಡು ಲೈನಿನ ಕಡೆ ನಡೆದ.

ಹೋದ ಭಾನುವಾರ ಅಮ್ಮ ತಾನಾಗಿಯೇ, "ಲೈನಿಗೆ ಕರ್ಕೊಂಡ್ ಹೋಗ್ತೀಯಾ?" ಎಂದಳು. ಹೋದೆವು. ನಿನಗೆ ಗೊತ್ತಿಲ್ಲದ ಸುದ್ದಿ ಇದು: ಲೈನಿನವರು ಈಗ ದೇವಾಲಯಕ್ಕೆ ಹೋಗುವುದಿಲ್ಲ. ಯೇಸುದಾಸನ ಮನೆಯ ಮುಂದೆ ಚಪ್ಪರ ಹಾಕಿಕೊಂಡು ಅಲ್ಲೇ ಆರಾಧನೆ ಮಾಡುತ್ತಾರೆ. ದೀಕ್ಷೆ ಇಲ್ಲ, ಪೀಠ ಇಲ್ಲ, ಬಾಗಿಲೇ ಇಲ್ಲ. ಆದರೆ ಬಾಗಿಲು ಇರಬೇಕಾದ ಕಡೆ ಮಡಕೆ ಇದೆ. ದೇವಾಲಯದ ಕಡೆಯ ಕೆಲವು ಬಡ ಹೆಂಗಸರೂ ಗಂಡಂದಿರಿಗೆ ಹೇಳದೆ ಬಂದು ಹಿಡಿ ಅಕ್ಕಿ ಹಾಕಿ ಹೋಗುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನೇ ಬೇಯಿಸಿ ಎಲ್ಲರಿಗೂ ಬಡಿಸುತ್ತಾರೆ, ಯೇಸುದಾಸನೂ ಸಾಲಿನಲ್ಲೇ ಕೂರುತ್ತಾನೆ. ಸುಂದರಿ ಅಮ್ಮನ ಮುಂದೆ ತಟ್ಟೆ ಇಟ್ಟು, "ಬೇಡ ಅಂದ್ರೆ ಬಿಡಿ ಅಮ್ಮಾ, ಬೇಜಾರಿಲ್ಲ" ಎಂದಳು. ಅಮ್ಮ ಕಲಸಿ ಬಾಯಿಗಿಟ್ಟಳು. ಒಂದು ಅಗುಳು ಗಟ್ಟಿಯಾಗಿ ಸಿಕ್ಕಿತು ಎಂದು ಅವಳ ದವಡೆಯಿಂದಲೇ ನನಗೆ ತಿಳಿಯಿತು. ಇರುವ ನಾಲ್ಕು ಹಲ್ಲಿನಲ್ಲಿ ಅದನ್ನು ಅಗಿದಳು. ಉಗಿಯಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಡಿಸು ಎಂದು ತಟ್ಟೆ ಮತ್ತೆ ಮುಂದೆ ಮಾಡಿದಳು.

ನಿನ್ನ ಮೇಲೆ ನನಗೆ ಪ್ರೀತಿ ಹೋಗಿಲ್ಲ. ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಪುನರುತ್ಥಾನ ಎನ್ನುವುದು ನಿಜವೆಂದು ನೀನೇ ಕಲಿಸಿದ್ದೀಯ. ಅಲ್ಲಿ ನೀನು ಸಿಕ್ಕಾಗ ನಾನು ಅಳುವುದೂ ಇಲ್ಲ, ತಬ್ಬಿಕೊಳ್ಳುವುದೂ ಇಲ್ಲ. ಮೊದಲು ಒಂದು ತಟ್ಟೆ ಬಡಿಸುತ್ತೇನೆ. ಸುಂದರಿಯ ನುಚ್ಚು, ಎಲ್ಲರ ಅಕ್ಕಿ. ನೀನು ನನ್ನ ಎದುರಿಗೆ ಕೂತು ಅದನ್ನು ಪೂರ್ತಿ ಉಣ್ಣಬೇಕು. ಉಳಿದ ಮಾತು ಆಮೇಲೆ.

ಈ ಭಾನುವಾರ ನಾನೂ ಅಮ್ಮನೂ ಭದ್ರಾವತಿಗೆ ಹೋಗುತ್ತೇವೆ. ರೈಲಿಳಿದು ಲೈನಿನ ಕಡೆ ತಿರುಗುತ್ತೇವೆ, ದೇವಾಲಯದ ಕಡೆಗಲ್ಲ. ನನ್ನ ಪಾಲಿನ ಹಿಡಿ ಅಕ್ಕಿಯನ್ನು ಈ ವಾರದಿಂದ ತೆಗೆದಿಡುತ್ತಿದ್ದೇನೆ. ನಿನ್ನ ಕಲ್ಲಿನ ಮೇಲಿನ ಬಟ್ಟೆಯನ್ನು ಮಾರ್ತಮ್ಮನೇ ಸರಿಸಲಿ ಎಂದು ಮೇಸ್ತ್ರಿಗಳಿಗೆ ಹೇಳಿಕಳಿಸಿದ್ದೇನೆ. ನಿನ್ನ ತಟ್ಟೆಯಲ್ಲಿ ಇದ್ದವರು ಅವರೇ ತಾನೇ.

ನಿನ್ನ ಮಗಳು,
ರೂತ್