ಮಾತು ಬಿಟ್ಟವರ ಹೂಜಿ

ತಮ್ಮನಿಗೆ, ಮಾತು ಬಿಟ್ಟಿದ್ದರೂ ಅಣ್ಣನ ಆಶೀರ್ವಾದ.

ಗಾಜು ಊದುವ ಮನೆತನವೊಂದಕ್ಕೆ ಮರದ ಅಚ್ಚು ಕೆತ್ತಿಕೊಡುತ್ತಿದ್ದೇನೆ. ಇಲ್ಲಿಯ ಅಣ್ಣತಮ್ಮಂದಿರೂ ನಮ್ಮ ಹಾಗೆಯೇ, ಮುಖ ಕೊಟ್ಟು ಮಾತಾಡುವುದಿಲ್ಲ. ಆದರೂ ಅಜ್ಜನ ಕಾಲದ ಉದ್ದ ಕತ್ತಿನ ಹೂಜಿಯನ್ನು ಇಬ್ಬರೂ ಸೇರಿಯೇ ಮಾಡುತ್ತಾರೆ. ಅಣ್ಣ ಕೊಳವೆ ಊದುತ್ತಾನೆ. ತಮ್ಮ ಅದರ ತುದಿಯ ಕೆಂಡದಂಥ ಗಾಜಿಗೆ ನೀರಲ್ಲಿ ನೆನೆಸಿದ ಅಚ್ಚು ಹಿಡಿಯುತ್ತಾನೆ.

"ಮಾತಿಲ್ಲದೆ ಹೇಗಪ್ಪಾ ಹೊಂದಿಸ್ತೀರಿ?" ಎಂದು ಇಲ್ಲಿಯ ತಮ್ಮನನ್ನು ಕೇಳಿದೆ.

"ಅವನು ಉಸಿರು ಎಳ್ಕೊಂಡಾಗ್ಲೇ ಗೊತ್ತಾಗುತ್ತೆ. ಜಗಳ ಮುಗೀಲಿ ಅಂತ ಕೂತ್ರೆ ಗಾಜು ಆರಿಹೋಗುತ್ತೆ," ಎಂದ.

ನನ್ನ ಬೆನ್ನುನೋವು ವಾಸಿಯಾಗಿದೆ. ಮುಂದಿನ ವಾರ ಬರುತ್ತೇನೆ. ಹಿತ್ತಲಲ್ಲಿ ಆ ದೊಡ್ಡ ದಿಮ್ಮಿ ಹಾಗೇ ಬಿದ್ದಿದೆಯಲ್ಲ, ಒಬ್ಬರ ಕೈಲಿ ಕೊಯ್ಯಲಾಗದು. ನೀನು ಮಾತಾಡಬೇಡ, ಗರಗಸದ ಆ ತುದಿ ಹಿಡಿ, ಸಾಕು.

ಇಂತಿ,
ಈ ತುದಿ ಹಿಡಿಯುವ ಅಣ್ಣ