ಕಿವಿ ಮುಚ್ಚಿದ ಆಯುಧ

ಘಟಪ್ರಭೆಯ ದಂಡೆ, ಮಾಜಿ ಸೈನಿಕರ ವಸತಿ
೨೧೬೮, ಎರಡನೆಯ ಬೇಸಿಗೆಯ ಹತ್ತೊಂಬತ್ತನೆಯ ದಿನ

ನಮಗಿಂತ ಮೊದಲು ಬಾಳಿದ ಹಿರಿಯರಿಗೆ,

ಮೇಲಿನ ತಾರೀಖು ನಿಮಗೆ ವಿಚಿತ್ರವಾಗಿ ಕಂಡೀತು. ಮಳೆಗಾಲ ನಡುವೆ ಮುರಿದು ಎರಡಾದ ಮೇಲೆ ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ತಿಂಗಳ ಹೆಸರುಗಳನ್ನು ಈಗ ಯಾರೂ ಬಳಸುವುದಿಲ್ಲ. ನನ್ನ ಮಾತಿನಲ್ಲೂ ನೀವು ಕೇಳಿರದ ಪದಗಳು ಬರುತ್ತವೆ, ಕ್ಷಮಿಸಬೇಕು. ಆದಷ್ಟು ಬಿಡಿಸಿ ಹೇಳುತ್ತೇನೆ.

ನಮ್ಮ ವಸತಿಯಲ್ಲಿ ಹಿಂದಿನವರಿಗೆ ಕಾಗದ ಬರೆಯುವ ರೂಢಿಯಿದೆ. ಅದು ತಲುಪುತ್ತದೆಂದು ಯಾರೂ ನಂಬಿಲ್ಲ. ಬರೆದವರ ಎದೆ ಸ್ವಲ್ಪ ಹಗುರಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ, ಅಷ್ಟೆ. ನಾನು ಇಷ್ಟು ವರ್ಷ ಬರೆದಿರಲಿಲ್ಲ. ಹೋದ ವಾರ ದಸ್ತಗೀರ ನದಾಫ ತೀರಿಕೊಂಡ. ಉಪ್ಪಿನ ಬಯಲಿನಲ್ಲಿ ಆದದ್ದನ್ನು ಕಣ್ಣಾರೆ ಕಂಡವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ನೀಲಾಂಬಿಕಾ ಮುಗಳಿ. ಸೈನ್ಯಕ್ಕೆ ಸೇರಿದಾಗ ನಾನು ಡೋಲಿಯವಳು, ಅಂದರೆ ಗಾಯಗೊಂಡವರನ್ನು ಹೊತ್ತು ತರುವವಳು. ನಾವು ಹೋರಾಡಿದ ಜಾಗ ವಾಯವ್ಯದ ಕೊನೆಯಲ್ಲಿದ್ದ ಒಂದು ವಿಶಾಲವಾದ ಉಪ್ಪಿನ ಬಯಲು. ಆಚೆಯವರು ಯಾರು ಎಂದು ಬರೆದರೂ ನಿಮಗೆ ತಿಳಿಯದು, ದೇಶಗಳ ಹೆಸರು ಅಷ್ಟು ಬದಲಾಗಿವೆ. ಬಯಲಿನ ಈ ಕಡೆ ನಮ್ಮ ಕಂದಕ, ಆ ಕಡೆ ಅವರದು, ನಡುವೆ ಕಣ್ಣು ಕುಕ್ಕುವ ಬಿಳಿ ನೆಲ.

ನಿಮ್ಮ ಕಾಲದಲ್ಲಿ ಕಂದಕಗಳ ಮೇಲೆ ಸಣ್ಣ ಹಾರುವ ಯಂತ್ರಗಳು ಆಗಷ್ಟೇ ಬರತೊಡಗಿದ್ದವು, ದೂರದಲ್ಲಿ ಪರದೆಯ ಮುಂದೆ ಕೂತ ಒಬ್ಬ ಮನುಷ್ಯ ಅವನ್ನು ನಡೆಸುತ್ತಿದ್ದ ಎಂದು ಓದಿದ್ದೇನೆ. ಅವನ ಆಜ್ಞೆ ಯಂತ್ರಕ್ಕೆ ಮುಟ್ಟದಂತೆ ಎದುರಾಳಿಗಳು ಗಾಳಿಯಲ್ಲೇ ತಡೆಯತೊಡಗಿದರಂತೆ. ಕಡೆಗೆ ಯಾರಿಗೋ ಒಂದು ಉಪಾಯ ಹೊಳೆಯಿತು. ಯಂತ್ರಕ್ಕೆ ಆಜ್ಞೆಯೇ ಬೇಡ, ಒಮ್ಮೆ ಕಲಿಸಿ ಕಳಿಸಿಬಿಟ್ಟರೆ ಆಯಿತು, ಆಮೇಲೆ ಅದು ಯಾರ ಮಾತನ್ನೂ ಕೇಳದಿದ್ದರೆ ವೈರಿಯ ಮಾತನ್ನೂ ಕೇಳುವುದಿಲ್ಲ. ಹಾಗೆ ಬಂದವು ಕಿವಿ ಮುಚ್ಚಿದ ಯಂತ್ರಗಳು. ಒಂದು ಋತುವಿಗೆ ಒಂದು ಬಯಲನ್ನು ಅವಕ್ಕೆ ಒಪ್ಪಿಸಿದರೆ, ಋತು ಮುಗಿಯುವವರೆಗೆ ಕಳಿಸಿದವರೂ ಅವನ್ನು ಹಿಂದಕ್ಕೆ ಕರೆಯಲಾರರು. ನಮ್ಮ ಹುಡುಗರು ಅವನ್ನು 'ಅತ್ತಿ' ಎಂದು ಕರೆಯುತ್ತಿದ್ದರು, ಅತ್ತೆ ಸೊಸೆಯನ್ನು ಹೊಸ್ತಿಲು ದಾಟಲು ಬಿಡುವುದಿಲ್ಲವಲ್ಲ, ಹಾಗೆ. ಮೊದಲು ಅದು ನಗೆಯಾಗಿತ್ತು. ಆಮೇಲೆ ಬರೀ ಹೆಸರಾಗಿ ಉಳಿಯಿತು.

ಅತ್ತಿ ನೋಡುತ್ತಿದ್ದುದು ಮೈಯ ಕಾವನ್ನು. ನಮ್ಮ ಬದುಕೆಲ್ಲ ಕಾವನ್ನು ಅಡಗಿಸುವುದರಲ್ಲೇ ಕಳೆಯಿತು. ನಿಮ್ಮ ಅಜ್ಜಂದಿರ ಕಂದಕಗಳಿಗೆ ಆಕಾಶವಾದರೂ ಇತ್ತು. ನಮ್ಮದು ಮುಚ್ಚುಗಂದಕ. ಮೇಲೆ ದಪ್ಪ ಬಲೆ, ಅದರ ಮೇಲೆ ಕಂಬಳಿಯಂಥ ಹಾಸು, ಅದರ ಮೇಲೆ ಉಪ್ಪು. ಒಲೆ ಹೊತ್ತಿಸುವಂತಿರಲಿಲ್ಲ. ಒಣ ರೊಟ್ಟಿ, ತಣ್ಣಗಿನ ಚಹಾ. ಉಚ್ಚೆಯನ್ನು ಕೂಡ ಹೂತ ಮಡಕೆಯಲ್ಲಿ ಆರಿಸಿಯೇ ಚೆಲ್ಲಬೇಕು. ಬಿಸಿಲು ಕಾಣದೆ ಎಲ್ಲರ ಚರ್ಮ ಕಲ್ಲಿನಡಿ ಬೆಳೆದ ಹುಲ್ಲಿನ ಬಿಳಿಚಿದ ಬಣ್ಣಕ್ಕೆ ತಿರುಗಿತ್ತು. ಬಯಲಿಗೆ ಬಂದ ಮೇಲೆ ವೈರಿಯ ಮುಖವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ರಜೆಯ ಮೇಲೆ ಊರಿಗೆ ಹೋದವರು ಅಂಗಳ ದಾಟಲಾರದೆ ಗೋಡೆಗುಂಟ ನಡೆಯುತ್ತಿದ್ದರು. ಮದುವೆಯ ಚಪ್ಪರದಿಂದ ಹೊರಗೆ ಬರಲು ಒಪ್ಪದ ಮದುಮಗನೊಬ್ಬನನ್ನು ನಾನೇ ನೋಡಿದ್ದೇನೆ.

ಎಲ್ಲಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಅತ್ತಿ ಮೊದಲ ಏಟಿಗೆ ಕೊಲ್ಲುತ್ತಿರಲಿಲ್ಲ. ಕಾಲಿಗೆ ಹೊಡೆದು ಕೆಡವಿ, ಮೇಲೆ ಗಾಳಿಯಲ್ಲಿ ನಿಂತು ಕಾಯುತ್ತಿತ್ತು. ಬಿದ್ದವನನ್ನು ಎತ್ತಲು ಯಾರಾದರೂ ಬಂದೇ ಬರುತ್ತಾರೆ ಎಂಬುದನ್ನು ಅದಕ್ಕೆ ಕಲಿಸಿದ್ದರು. ಹಾಗೆ ಬಂದವರನ್ನು ಅದು ಉಳಿಸುತ್ತಿರಲಿಲ್ಲ. ನಮ್ಮ ಯಂತ್ರಗಳೂ ಹಾಗೆಯೇ, ಅವರವೂ ಹಾಗೆಯೇ. ನಮ್ಮ ತೋಳಿನಲ್ಲಿ ಒಂದೊಂದು ಬಿಲ್ಲೆ ಹೂತಿದ್ದರು. ಇವರು ನಮ್ಮವರು ಎಂದು ಅದು ನಮ್ಮ ಯಂತ್ರಗಳಿಗೆ ಸಾರುತ್ತಿತ್ತು.

ಎತ್ತಲು ಹೋದವರೇ ಹೆಚ್ಚು ಸಾಯತೊಡಗಿದಾಗ ಮೇಲಿನಿಂದ ಅಪ್ಪಣೆ ಬಂತು: ಬಯಲಿನಲ್ಲಿ ಬಿದ್ದವರು ಬಿದ್ದಲ್ಲೇ. ಡೋಲಿಗಳು ಮಲಗುವ ಹಲಗೆಗಳಾದವು. ನಮ್ಮನ್ನು 'ಜೊತೆಮಾತಿನವರು' ಮಾಡಿದರು. ಬಿದ್ದವರ ಹೆಲ್ಮೆಟ್ಟಿನೊಳಗಿನ ಇಯರ್‌ಫೋನಿಗೆ ಕಂದಕದಿಂದಲೇ ಮಾತಾಡುತ್ತ, ಅವರ ಉಸಿರು ನಿಲ್ಲುವವರೆಗೆ ಜೊತೆಗಿರುವುದು ನಮ್ಮ ಕೆಲಸ. ನಾನು ಅದನ್ನು ಕಲಿತೆ. ನಮ್ಮ ಹವಾಲ್ದಾರ ಬಸಲಿಂಗ ತಿಗಡಿ ಕಲಿಯಲಿಲ್ಲ. ಅಗಲ ಭುಜದ, ಮೆತ್ತಗೆ ಮಾತಾಡುವ ಮನುಷ್ಯ, ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಡೋಲಿಯವನು. ತನ್ನನ್ನು ಉಗ್ರಾಣಕ್ಕೆ ಹಾಕಿ ಎಂದು ಕೇಳಿಕೊಂಡ.

"ಸಾಯೂ ಮನಷ್ಯಾಗ ಮಾತು ಹೇಳೂದು ನನಗ ಬರೂದಿಲ್ಲ ನೀಲಾ," ಎಂದಿದ್ದ. "ನನಗ ಎತ್ತಾಕ ಬರತೈತಿ."

ದಸ್ತಗೀರ ನದಾಫ ನಮ್ಮ ಬಲೆ ಹೊಲಿಯುವವನು. ಗಾದಿ ಹೊಲಿಯುವ ಮನೆತನದವನಾದ್ದರಿಂದ ಸೂಜಿ ಅವನ ಕೈಯಲ್ಲಿ ತಾನೇ ಓಡುತ್ತಿತ್ತು. ಒಂದು ಮುಂಜಾನೆ ಸುಂಟರಗಾಳಿ ಎದ್ದು ನಮ್ಮ ಕಂದಕದ ಒಂದು ಭಾಗದ ಬಲೆಯನ್ನು ಹಾಸುಸಹಿತ ಕಿತ್ತುಕೊಂಡು ಹೋಯಿತು. ಅದರಡಿ ಕೂತಿದ್ದವರೆಲ್ಲ ಒಮ್ಮೆಲೇ ಆಕಾಶಕ್ಕೆ ತೆರೆದುಕೊಂಡರು. ದಸ್ತಗೀರ ಯೋಚಿಸಲೇ ಇಲ್ಲ, ಬಲೆಯ ಹಿಂದೆ ಓಡಿದ. ಅದನ್ನು ಹಿಡಿದು ಹಗ್ಗದ ತುದಿಯನ್ನು ನಮ್ಮತ್ತ ಎಸೆದ. ನಾವು ಎಳೆದುಕೊಂಡು ಮುಚ್ಚಿಕೊಂಡೆವು. ಅವನು ತಿರುಗುವಷ್ಟರಲ್ಲಿ ಆಚೆಯವರ ಅತ್ತಿ ಇಳಿಯಿತು.

ನಾನು ಜೊತೆಮಾತಿನ ಯಂತ್ರದ ಮುಂದೆ ಕೂತೆ.

"ನೀಲಕ್ಕಾ, ಕೇಳಸ್ತೈತೇನ?"

"ಕೇಳಸ್ತೈತಿ. ಹೇಳು."

"ಎಡಗಾಲು ಹೋದಂಗ ಐತಿ. ಪಟ್ಟಿ ಬಿಗದು ಕಟ್ಟೀನಿ. ಮ್ಯಾಲೆ ಅದಾಳೇನ?"

"ಅದಾಳ."

"ಹಂಗಾರ ಯಾರನ್ನೂ ಬಿಡಬ್ಯಾಡ್ರಿ. ಬಸಲಿಂಗಣ್ಣನ್ನ ಹಿಡಕೊಂಡು ಕೂಡ್ರಿ."

ಅವನ ಪಕ್ಕದಲ್ಲೇ ಆಚೆಯವರ ಸೈನಿಕನೊಬ್ಬ ಹಿಂದಿನ ದಿನದಿಂದ ಬಿದ್ದಿದ್ದ. ಅವನ ಮೇಲೆ ನಿಂತು ಕಾಯುತ್ತಿದ್ದುದು ನಮ್ಮ ಅತ್ತಿ. ಅವನ ಹೆಸರು ತೊರೇನ್ ಎಂದು ದಸ್ತಗೀರ ಹೇಳಿದ. ಕೈದಿಗಳ ಶಿಬಿರದಲ್ಲಿ ಕಾವಲಿದ್ದಾಗ ದಸ್ತಗೀರ ಅವರ ಭಾಷೆಯನ್ನು ಅರ್ಧಂಬರ್ಧ ಕಲಿತಿದ್ದ. ತೊರೇನನ ಕಿವಿಯಲ್ಲೂ ಅವರ ಕಡೆಯ ಜೊತೆಮಾತಿನವನೊಬ್ಬ ಮಾತಾಡುತ್ತಿದ್ದನಂತೆ. ಆಗ ನನಗೆ ತಟ್ಟನೆ ಹೊಳೆಯಿತು. ನಡುವೆ ಬಿದ್ದ ಇಬ್ಬರ ಬಾಯಿಂದ ಎರಡು ಕಂದಕಗಳೂ ಮಾತಾಡಬಹುದಿತ್ತು.

"ದಸ್ತಗೀರ, ಅವರ ಅತ್ತಿನ್ನ ಹಿಂದಕ್ಕ ಕರಸ್ರಿ ಅಂತ ಕೇಳು," ಎಂದೆ.

ಅವನು ತೊರೇನನಿಗೆ ಹೇಳಿದ. ತೊರೇನ್ ತನ್ನವರಿಗೆ ಹೇಳಿದ.

"ಅವರ ಕೈಯಾಗ ಇಲ್ಲಂತ ಅಕ್ಕಾ. ನಮ್ಮದನ್ನ ನಾವು ಕರಸಾಕ ಆಗತೈತೇನು ಅಂತ ಕೇಳಾಕತ್ತಾರ."

ನಾನು ಪಕ್ಕದಲ್ಲಿದ್ದ ನಮ್ಮ ಕ್ಯಾಪ್ಟನ್ ಮುಖ ನೋಡಿದೆ. ಮೈಸೂರು ಕಡೆಯ ಸಭ್ಯ ಮನುಷ್ಯ. ಮೇಲಿನವರನ್ನು ಸಂಪರ್ಕಿಸಿ ಕೇಳಿದ, ಬೇಡಿದ. ಬಯಲನ್ನು ಋತು ಮುಗಿಯುವವರೆಗೆ ಒಪ್ಪಿಸಿಯಾಗಿದೆ ಎಂಬ ಉತ್ತರವೇ ಮತ್ತೆ ಮತ್ತೆ ಬಂತು.

"ಆಗೂದಿಲ್ಲ ಅಂತ ಹೇಳು," ಎಂದೆ.

"ಹೇಳಿದೆ," ಎಂದ ದಸ್ತಗೀರ.

ಆ ಬಯಲಿನ ಎರಡೂ ಬದಿಯಲ್ಲಿ ಅಂದು ಯಾರಿಗೂ ಯಾರನ್ನೂ ಕೊಲ್ಲುವ ಮನಸ್ಸಿರಲಿಲ್ಲ. ಇದನ್ನು ನಾನು ದೇವರ ಮುಂದೆಯೂ ಹೇಳಬಲ್ಲೆ.

ಮರುದಿನ ಬಿಸಿಲೇರುತ್ತಿದ್ದಂತೆ ಬಸಲಿಂಗ ಕ್ಯಾಪ್ಟನ್ ಎದುರು ಬಂದು ನಿಂತ. ನಡುಮಧ್ಯಾಹ್ನಕ್ಕೆ ಉಪ್ಪಿನ ನೆಲ ಮನುಷ್ಯನ ಮೈಯಷ್ಟೇ ಕಾಯುತ್ತದೆ, ಆಗ ಅತ್ತಿಯ ಕಣ್ಣು ಮಂಜಾಗುತ್ತದೆ ಎಂಬುದು ಅವನ ಲೆಕ್ಕಾಚಾರ. ಜೊತೆಗೆ ತಂಪುಹೊದಿಕೆ ಹೊದ್ದುಕೊಂಡರೆ ತೆವಳಿಕೊಂಡು ಹೋಗಿ ಬರಬಹುದು ಎಂದ. ಒಳಗಿನ ಏನನ್ನೂ ಹೊರಗೆ ಬಿಡದ ಬಟ್ಟೆ ಅದು, ಮೈಯ ಕಾವನ್ನೂ ಬಿಡದು, ತೋಳಿನ ಬಿಲ್ಲೆಯ ದನಿಯನ್ನೂ ಬಿಡದು.

"ನಾನು ಅನುಮತಿ ಕೊಡೋಕಾಗಲ್ಲ ಬಸಲಿಂಗ," ಎಂದ ಕ್ಯಾಪ್ಟನ್.

"ಕೊಡಬ್ಯಾಡ್ರಿ ಸಾಹೇಬ್ರ. ಹೊದಿಕಿ ಕೊಡ್ರಿ, ಎರಡು."

ಕ್ಯಾಪ್ಟನ್ ತಾನೇ ಹೋಗಿ ತಂದುಕೊಟ್ಟ.

ಸೊಂಟಕ್ಕೆ ಉದ್ದನೆಯ ಹಗ್ಗ ಕಟ್ಟಿಕೊಂಡು, ಒಂದು ನೀರಿನ ಬಾಟಲಿ ಹಿಡಿದು, ಬಸಲಿಂಗ ಬಿಳಿ ನೆಲದ ಮೇಲೆ ಬಿಳಿ ಉಬ್ಬಿನ ಹಾಗೆ ತೆವಳಿದ. ನಾನು ಕಂಡಿಯಿಂದ ನೋಡುತ್ತ ದಸ್ತಗೀರನ ಜೊತೆ ಮಾತಾಡುತ್ತಲೇ ಇದ್ದೆ. ಅವನ ತಾಯಿ ಹೊಲಿದ ಗಾದಿಗಳ ಬಗ್ಗೆ ಕೇಳಿದೆ. ಹತ್ತಿಯನ್ನು ಹಿಂಜುವಾಗ ಮನೆಯೆಲ್ಲ ಹೇಗೆ ಬೆಳ್ಳಗಾಗುತ್ತಿತ್ತು ಎಂದು ಅವನು ತೊದಲುತ್ತ ಹೇಳುತ್ತಿದ್ದ. ಹೇಳುತ್ತಿದ್ದವನು ಮಾತು ನಿಲ್ಲಿಸಿದ. ಅವನ ಹೆಲ್ಮೆಟ್ಟಿನಲ್ಲಿ ಬಸಲಿಂಗನ ದನಿ ಕೇಳಿತು.

"ಏನ್ಲೇ ನದಾಫ, ಬಿಸಲಾಗ ಚಂದ ಮಲಗೀಯಲ್ಲ."

ಕಂದಕದಲ್ಲಿ ಯಾರೋ ಅತ್ತರು. ಬಸಲಿಂಗ ಅವನನ್ನು ಎರಡನೆಯ ಹೊದಿಕೆಯೊಳಗೆ ಸುತ್ತಿದ, ತನ್ನ ಸೊಂಟದ ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿದ. ಆಗ ದಸ್ತಗೀರ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಅಣ್ಣಾ, ಇವಂಗ ನೀರಿಲ್ಲ. ನಿನ್ನಿಯಿಂದ ನೀರು ನೀರು ಅನ್ನಾಕತ್ತಾನ."

ಬಸಲಿಂಗ ನನಗೆ ಹೇಳಿದ, "ನೀಲಾ, ನೀವು ಎಳೀರಿ. ನಾ ಹಿಂದಿಂದ ಬರ್ತೀನಿ."

ನಾವು ಎಳೆದೆವು. ಹೊದಿಕೆಯ ಗಂಟು ನೆಲದ ಮೇಲೆ ಜಾರುತ್ತ ಬರುತ್ತಿತ್ತು. ಅದರಾಚೆ, ಬಸಲಿಂಗ ತೊರೇನನ ಕಡೆ ತೆವಳಿ, ಹೊದಿಕೆಯ ಅಂಚು ಎತ್ತಿ, ಬಾಟಲಿ ಹಿಡಿದ ಕೈ ಚಾಚುವುದನ್ನು ನೋಡಿದೆ. ಬಿದ್ದವನ ಹತ್ತಿರ ಒಂದು ಬೆಚ್ಚಗಿನ ಕೈ ಮಂಜಾದ ಕಣ್ಣಿಗೂ ಕಾಣಿಸಿತು. ನಮ್ಮ ಅತ್ತಿ ಕಾಯುತ್ತಿದ್ದುದು ಅದಕ್ಕೇ. ಬಿಲ್ಲೆಯ ದನಿ ಬಟ್ಟೆಯೊಳಗೇ ಉಳಿದಿತ್ತು. ಸದ್ದು ದೊಡ್ಡದೇನೂ ಆಗಲಿಲ್ಲ. ಉಪ್ಪು ಮೇಲೆದ್ದು ಬಿತ್ತು, ಅಷ್ಟೆ.

ಇನ್ನೊಂದು ಅತ್ತಿ, ಅವರದು, ಖಾಲಿ ನೆಲದ ಮೇಲೆ ಸುತ್ತುತ್ತ ತಾನು ಕೆಡವಿದವನನ್ನು ಹುಡುಕುತ್ತಿತ್ತು. ಅಷ್ಟರಲ್ಲಿ ದಸ್ತಗೀರ ನಮ್ಮ ಕೈಗೆ ಸಿಕ್ಕಿದ್ದ.

ತೊರೇನ್ ಸಂಜೆಯವರೆಗೆ ಬದುಕಿದ್ದ. ಅವನ ಹೆಲ್ಮೆಟ್ಟಿನ ಮೇಲೆ, ಉಸಿರಿದ್ದಷ್ಟು ಹೊತ್ತು ಉರಿಯುವ ಸಣ್ಣ ದೀಪ ಆರುವವರೆಗೂ ನಾನು ಕಂಡಿ ಬಿಟ್ಟು ಕದಲಲಿಲ್ಲ. ನೀರು ಅವನಿಗೆ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಕ್ಕಿತು ಎಂದು ದಸ್ತಗೀರ ಸಾಯುವವರೆಗೂ ಹೇಳುತ್ತಿದ್ದ. ಹೊದಿಕೆಯೊಳಗೆ ಸುತ್ತಿಸಿಕೊಂಡವನಿಗೆ ಹೇಗೆ ಕಂಡಿತು ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿಗಳು ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ ಎಂದು ತೀರ್ಮಾನಿಸಿದರು. ಅದು ನಿಜವೇ. ಮುಂದೆ ಕೆಲವೇ ವಾರಗಳಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಋತು ಮುಗಿದಿರಲಿಲ್ಲ. ಯುದ್ಧವೇ ಇಲ್ಲದ ಬಯಲಿನ ಎರಡೂ ಅಂಚಿನಲ್ಲಿ ನಾವೂ ಅವರೂ ತಲೆ ತಗ್ಗಿಸಿ ಕೂತು ಕಾದೆವು. ಯಂತ್ರಗಳು ತಾವಾಗಿ ನೆಲಕ್ಕಿಳಿದ ಮೇಲೆಯೇ ಬಸಲಿಂಗನನ್ನು ತರಲು ಹೋದದ್ದು. ಆಚೆಯವರೂ ತಮ್ಮವನಿಗಾಗಿ ಬಂದಿದ್ದರು. ಮೊದಲ ಸಲ ಅವರ ಮುಖ ನೋಡಿದೆ. ಕಲ್ಲಿನಡಿಯ ಹುಲ್ಲಿನಂತೆ ಬಿಳಿಚಿದ ಚರ್ಮ, ನಮ್ಮ ಹಾಗೆಯೇ. ಅವರಲ್ಲಿ ಒಬ್ಬ ನನ್ನ ಬಳಿ ಬಂದು ತನ್ನ ಕಿವಿಯನ್ನೂ ಬಾಯಿಯನ್ನೂ ಮುಟ್ಟಿ ತೋರಿಸಿದ. ತೊರೇನನ ಜೊತೆ ಮಾತಾಡಿದವನು ಅವನೇ ಎಂದು ತಿಳಿಯಿತು. ಬಸಲಿಂಗನನ್ನು ಡೋಲಿಗೆ ಹಾಕುವಾಗ ಅವನೂ ಒಂದು ಕೈ ಹಿಡಿದ.

ಬೈಲಹೊಂಗಲದ ಹತ್ತಿರದ ಊರಿನಲ್ಲಿ ಬಸಲಿಂಗನ ಹೆಂಡತಿ ಕಾಶವ್ವನನ್ನು ನೋಡಲು ಹೋದೆ. ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಅವಳು ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು.

"ನಮ್ಮದ ಹೊಡೀತೇನು?" ಎಂದಳು.

"ಹೌದವ್ವ."

"ಯಾರು ಗುಂಡಿ ಒತ್ತಿದ್ರು?"

"ಯಾರೂ ಒತ್ತಲಿಲ್ಲ."

"ಹಂಗಾರ ನಾ ಯಾರಿಗೆ ಬೈಲಿ, ನೀಲಾ?" ಎಂದಳು. ಅವಳು ಎದ್ದು ನನಗೆ ಬಿಸಿ ಚಹಾ ಮಾಡಿಕೊಟ್ಟಳು.

ದಸ್ತಗೀರ ಒಂಟಿಗಾಲಿನಲ್ಲಿ ಮುದುಕನಾಗುವವರೆಗೆ ಬಾಳಿದ. ಗಾದಿ ಹೊಲಿದ, ಮದುವೆಯಾದ, ಮೊಮ್ಮಕ್ಕಳನ್ನು ಕಂಡ. ಮುಖದ ಮೇಲೆ ಮಾತ್ರ ಎಂಥ ಚಳಿಯಲ್ಲೂ ಹೊದಿಕೆ ಎಳೆದುಕೊಳ್ಳುತ್ತಿರಲಿಲ್ಲ. ಹೋದ ವಾರ ಅವನ ಮಣ್ಣಿಗೆ ಹೋಗಿದ್ದೆ. ಅವನ ಮುಖಕ್ಕೆ ಬಿಳಿ ಬಟ್ಟೆ ಮುಚ್ಚುವಾಗ ತಡೆಯಬೇಕೆನ್ನಿಸಿತು. ತಡೆಯಲಿಲ್ಲ.

ಹಿರಿಯರೇ, ಯುದ್ಧ ಮಾಡಬೇಡಿ ಎಂದು ಕೇಳಿದರೆ ನೀವು ಕೇಳುವುದಿಲ್ಲ, ನಾವೂ ಕೇಳಲಿಲ್ಲ. ನನ್ನದು ಅದಕ್ಕಿಂತ ಸಣ್ಣ ಬೇಡಿಕೆ. ನಿಮ್ಮ ಆಯುಧಗಳ ಹಿಂದೆ ಇನ್ನೂ ಒಬ್ಬ ಮನುಷ್ಯ ಕೂತಿದ್ದಾನೆ. ಅವನು ಒಳ್ಳೆಯವನೇ ಆಗಿರಬೇಕೆಂದಿಲ್ಲ. ಅವನಿಗೆ ನಿದ್ದೆ ಬರುತ್ತದೆ, ಕೈ ನಡುಗುತ್ತದೆ, ಕೆಲವೊಮ್ಮೆ ತಪ್ಪು ಮಾಡುತ್ತಾನೆ. ಅವನಿಗಿಂತ ಯಂತ್ರ ಚುರುಕು ಎಂದು ನಿಮಗೆ ತೋರಿಸುತ್ತಾರೆ, ಅವರು ತೋರಿಸುವುದು ಸುಳ್ಳೂ ಅಲ್ಲ. ಆದರೂ ಅವನನ್ನು ಎಬ್ಬಿಸಿ ಮನೆಗೆ ಕಳಿಸಬೇಡಿ. ಬಯಲಿನ ನಡುವೆ ಬಿದ್ದವನೊಬ್ಬ ಸಾಕು ನಿಲ್ಲಿಸಿ ಎಂದು ಕೂಗಿದಾಗ, ನಿಲ್ಲಿಸದಿದ್ದರೂ ಸರಿ, ಅದನ್ನು ಕೇಳಿಸಿಕೊಳ್ಳಲಾದರೂ ಒಬ್ಬರು ಅಲ್ಲಿರಲಿ.

ನಿಮ್ಮ ನಂತರದವಳು,
ನೀಲಾಂಬಿಕಾ